ಪದ ಪರಿಚಯ: ಜಲಾಂತರ್ಗಾಮಿ

‘ಜಲ’, ‘ಅಂತರ್’, ‘ಗಾಮಿ’ ಎಂಬ ಮೂರು ಸಂಸ್ಕೃತ ರೂಪಗಳು ಕೂಡಿ ‘ಜಲಾಂತರ್ಗಾಮಿ’ ಆಗಿದೆ. ಮೊದಲೆರಡು ಪದಗಳ ನಡುವೆ ಸವರ್ಣದೀರ್ಘ ಸಂಧಿ ನಡೆದಿದೆ. ನೀರಿನೊಳಗೆ ಸಂಚರಿಸುವಂಥದ್ದು ಎಂಬುದು ಇದರ ಅರ್ಥ. ಆಡುಮಾತಿನಲ್ಲಿ ‘ಸಬ್‌ಮರೀನ್’ ಎನ್ನುವವರೇ ಹೆಚ್ಚಾದರೂ ಪತ್ರಿಕೆಗಳು ಮತ್ತು ಪಠ್ಯಪುಸ್ತಕಗಳು ಈ ಪದವನ್ನು ಗಟ್ಟಿಯಾಗಿ ಉಳಿಸಿಕೊಂಡಿವೆ. ಇದರ ಜೀವ ಇರುವುದು ಕೊನೆಯ ‘ಗಾಮಿ’ಯಲ್ಲಿ ಎಂದು ನನಗೆ ಅನಿಸುತ್ತದೆ. ನೀರಿನಡಿಗೆ ಇಳಿದ ಮೇಲೆ ಬೇಕಾದ ಆಳವನ್ನು ಕಾಯ್ದುಕೊಂಡು, ಬೇಕಾದ ದಿಕ್ಕಿಗೆ ತನ್ನದೇ ಬಲದಿಂದ ಸಾಗಿ, ಮರಳಿ ಮೇಲೆ ಬರಬಲ್ಲ ನೌಕೆಗೆ ಮಾತ್ರ ಆ ಹೆಸರು ಪೂರ್ತಿಯಾಗಿ ಸಲ್ಲುತ್ತದೆ.

ಅಮೆರಿಕದ ಅಂತರ್ಯುದ್ಧದ ಕಾಲದ ‘ಹನ್ಲಿ’ಯನ್ನು ಈ ಅರ್ಥದಿಂದ ಅಳೆದು ನೋಡಬಹುದು. 1864ರ ಫೆಬ್ರುವರಿ 17ರ ರಾತ್ರಿ ಚಾರ್ಲ್ಸ್‌ಟನ್ ಬಂದರಿನ ಹೊರಗೆ ‘ಹೌಸಟಾನಿಕ್’ ಎಂಬ ಯುದ್ಧನೌಕೆಯನ್ನು ಮುಳುಗಿಸಿದ ಹನ್ಲಿ, ಶತ್ರುನೌಕೆಯೊಂದನ್ನು ಕೆಡವಿದ ಮೊದಲ ಜಲಾಂತರ್ಗಾಮಿ. ಆದರೆ ಒಳಗೆ ಸಾಲಾಗಿ ಕುಳಿತ ನಾವಿಕರು ಕೈಯಿಂದ ತಿರುಗಿಸುತ್ತಿದ್ದ ದಂಡವೇ ಅದರ ಎಂಜಿನ್ ಆಗಿತ್ತು. ಅವರ ತೋಳಿನ ಬಲ ಮತ್ತು ಒಳಗಿದ್ದ ಒಂದಿಷ್ಟು ಗಾಳಿ ಎಷ್ಟು ಹೊತ್ತು ಬಾಳುತ್ತಿದ್ದವೋ ಅಷ್ಟೇ ಅದರ ‘ಗಮನ’. ಪರೀಕ್ಷೆಯ ಹಂತದಲ್ಲೇ ಎರಡು ಬಾರಿ ಮುಳುಗಿ ಜೀವಗಳನ್ನು ಬಲಿ ತೆಗೆದುಕೊಂಡಿದ್ದ ಆ ನೌಕೆ ದಾಳಿಯ ರಾತ್ರಿಯೂ ಮರಳಿ ಬರಲಿಲ್ಲ.

ಪದದ ಅರ್ಥಕ್ಕೆ ಸರಿಯಾಗಿ ಹೊಂದುವ ನೌಕೆಯನ್ನು ಕಟ್ಟಿದವನು ಜಾನ್ ಫಿಲಿಪ್ ಹಾಲೆಂಡ್. 1841ರಲ್ಲಿ ಐರ್ಲೆಂಡಿನ ಕ್ಲೇರ್ ಕೌಂಟಿಯ ಲಿಸ್ಕ್ಯಾನರ್‌ನಲ್ಲಿ ಹುಟ್ಟಿ, 1873ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ ಶಾಲಾ ಶಿಕ್ಷಕನಾಗಿದ್ದ ಈತ ಸುಮಾರು ಎರಡು ದಶಕಗಳ ಕಾಲ ಒಂದರ ಹಿಂದೊಂದು ಮಾದರಿಯನ್ನು ಕಟ್ಟಿ, ಪರೀಕ್ಷಿಸಿ, ತಿದ್ದಿದ. ಎಲಿಜಬೆತ್ ಪಟ್ಟಣದ ಹಡಗುಕಟ್ಟೆಯಲ್ಲಿ ರೂಪುಗೊಂಡ ಆತನ ಆರನೆಯ ನೌಕೆ 1897ರ ಮೇ 17ರಂದು ನೀರಿಗಿಳಿಯಿತು. ಅದರ ಉದ್ದ ಸುಮಾರು 16.4 ಮೀಟರ್, ಅಗಲ ಮೂರು ಮೀಟರಿಗಿಂತ ತುಸು ಹೆಚ್ಚು. ಸಿಬ್ಬಂದಿ ಆರು ಜನ.

ಈ ನೌಕೆಯ ಹಿರಿಮೆಗೆ ಮೊದಲ ಕಾರಣ ಅದರ ಎರಡು ಯಂತ್ರಗಳು. ನೀರಿನ ಮೇಲೆ ಸಾಗುವಾಗ 45 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ದುಡಿಯುತ್ತಿತ್ತು. ಆ ಎಂಜಿನ್ನಿಗೆ ಗಾಳಿ ಬೇಕಾದ್ದರಿಂದ ನೀರಿನಡಿಯಲ್ಲಿ ಬ್ಯಾಟರಿಯಿಂದ ನಡೆಯುವ ವಿದ್ಯುತ್ ಮೋಟಾರು ಪ್ರೊಪೆಲ್ಲರನ್ನು ತಿರುಗಿಸುತ್ತಿತ್ತು. ಮೇಲೆ ಬಂದಾಗ ಅದೇ ಪೆಟ್ರೋಲ್ ಎಂಜಿನ್ ಬ್ಯಾಟರಿಗಳಿಗೆ ಮತ್ತೆ ವಿದ್ಯುತ್ ತುಂಬುತ್ತಿದ್ದುದರಿಂದ ದಡದ ನೆರವಿಲ್ಲದೆ ಮತ್ತೆ ಮತ್ತೆ ಇಳಿಯುವುದು ಸಾಧ್ಯವಾಯಿತು. ಮುಂದೆ ಎಂಜಿನ್ ಡೀಸೆಲ್ಲಿಗೆ ಬದಲಾದರೂ ಅಣುಶಕ್ತಿ ಬರುವವರೆಗೆ ಜಗತ್ತಿನ ಜಲಾಂತರ್ಗಾಮಿಗಳು ಬಹುಮಟ್ಟಿಗೆ ಈ ಜೋಡಿ ವ್ಯವಸ್ಥೆಯನ್ನೇ ನೆಚ್ಚಿಕೊಂಡಿದ್ದವು.

ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದದ್ದು. ಅರ್ಧ ತುಂಬಿದ ಕೊಡವನ್ನು ಹೊತ್ತು ನಡೆದವರಿಗೆ ಒಳಗಿನ ನೀರು ಆಚೀಚೆ ತುಳುಕಿ ಸಮತೋಲ ತಪ್ಪಿಸುವುದು ಗೊತ್ತು. ಕೆಳಗಿಳಿಯಲು ನೌಕೆ ನೀರು ತುಂಬಿಕೊಳ್ಳುವ ಬ್ಯಾಲಾಸ್ಟ್ ಟ್ಯಾಂಕುಗಳು ಅರ್ಧ ತುಂಬಿದಾಗ ನೌಕೆಗೂ ಅದೇ ಅಪಾಯ ಒದಗುತ್ತದೆ. ಮೂತಿ ಸ್ವಲ್ಪ ಬಾಗಿದರೆ ನೀರೆಲ್ಲ ಅತ್ತಲೇ ಹರಿದು ಅದು ಇನ್ನಷ್ಟು ಬಾಗುತ್ತದೆ. ಹಾಲೆಂಡ್ ಮುಖ್ಯ ಟ್ಯಾಂಕುಗಳನ್ನು ಪೂರ್ತಿ ತುಂಬಿಸಿ, ಗುರುತ್ವಕೇಂದ್ರ ಕದಲದಂತೆ ನೋಡಿಕೊಂಡ. ಆಗಲೂ ತೇಲುವ ಬಲ ಅಲ್ಪಸ್ವಲ್ಪ ಉಳಿಯುವಂತೆ ಲೆಕ್ಕ ಹಾಕಿದ. ಟಾರ್ಪಿಡೊ ಹಾರಿಸಿದಾಗ ಕಡಿಮೆಯಾಗುವ ಭಾರಕ್ಕೆ ಬದಲಾಗಿ ನೀರು ತುಂಬಿಕೊಳ್ಳಲು ಬೇರೆ ಟ್ಯಾಂಕುಗಳಿದ್ದವು. ಹೀಗೆ ತೂಕವನ್ನು ಹಿಡಿತದಲ್ಲಿಟ್ಟು, ಹಿಂಬದಿಯ ಅಡ್ಡ ಚುಕ್ಕಾಣಿಗಳನ್ನು ಓರೆಯಾಗಿಸಿದರೆ ಓಟದ ಬಲದಿಂದಲೇ ನೌಕೆ ಕೆಳಗಿಳಿಯುತ್ತಿತ್ತು. ಅಂದರೆ ಇಳಿಯುವುದೂ ಚಲನೆಯ ಒಂದು ಬಗೆಯಾಯಿತು; ‘ಗಾಮಿ’ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಸಿಕ್ಕಿಲ್ಲ.

ಆದರೆ ಅದು ಕುರುಡು ನೌಕೆ. ಪೆರಿಸ್ಕೋಪ್ ಇಲ್ಲದ್ದರಿಂದ ಗುರಿಯನ್ನು ಕಾಣಲು ಆಗಾಗ ಮೇಲೆದ್ದು, ಪುಟ್ಟ ಗೋಪುರದ ಗಾಜಿನ ಕಿಂಡಿಗಳಿಂದ ಇಣುಕಿ, ಮತ್ತೆ ಇಳಿಯಬೇಕಿತ್ತು.

1897ರ ಅಕ್ಟೋಬರಿನಲ್ಲಿ ಕೆಲಸಗಾರನೊಬ್ಬ ಕವಾಟ ಮುಚ್ಚಲು ಮರೆತ ಕಾರಣ ನೌಕೆ ಕಟ್ಟೆಯ ಬಳಿಯೇ ಮುಳುಗಿತು. ಉಪ್ಪುನೀರಿನಲ್ಲಿ ನೆನೆದು ಹಾಳಾಗಿದ್ದ ವಿದ್ಯುತ್ ಯಂತ್ರಗಳನ್ನು ಹೊರತೆಗೆಯದೆ, ವಿದ್ಯುತ್ತನ್ನು ಹಿಮ್ಮುಖವಾಗಿ ಹರಿಸಿ ಆ ಶಾಖದಲ್ಲೇ ಒಣಗಿಸಿದವನು ಫ್ರಾಂಕ್ ಕೇಬಲ್ ಎಂಬ ಎಲೆಕ್ಟ್ರೀಷಿಯನ್. ಮುಂದೆ ಆ ನೌಕೆಯನ್ನು ನಡೆಸುವ ಹೊಣೆಯೂ ಅವನದಾಯಿತು. 1898ರ ಮಾರ್ಚ್ 17ರಂದು, ಐರಿಷ್ ಜನರ ಸಂತ ಪ್ಯಾಟ್ರಿಕ್ ಹಬ್ಬದ ದಿನ, ಸ್ಟೇಟನ್ ದ್ವೀಪದ ಬಳಿ ಅದು ಯಶಸ್ವಿಯಾಗಿ ನೀರಿನಡಿ ಸಾಗಿ ಮೇಲೆ ಬಂತು.

ಅಮೆರಿಕದ ನೌಕಾಪಡೆ 1900ರ ಏಪ್ರಿಲ್ 11ರಂದು ಅದನ್ನು 1,50,000 ಡಾಲರಿಗೆ ಕೊಂಡು, ಅಕ್ಟೋಬರ್ 12ರಂದು ‘ಯುಎಸ್‌ಎಸ್ ಹಾಲೆಂಡ್’ ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿಕೊಂಡಿತು. ಮೊದಲ ನಾಯಕ ಲೆಫ್ಟಿನೆಂಟ್ ಹ್ಯಾರಿ ಕಾಲ್ಡ್‌ವೆಲ್. ಅದು ಯುದ್ಧವನ್ನು ಕಾಣಲಿಲ್ಲ. ಅನಾಪೊಲಿಸ್‌ನಲ್ಲಿ ಮುಂದಿನ ಪೀಳಿಗೆಯ ನಾವಿಕರಿಗೆ ತರಬೇತಿ ಕೊಡುವುದೇ ಅದರ ಮುಖ್ಯ ಸೇವೆಯಾಯಿತು. 1910ರಲ್ಲಿ ಪಟ್ಟಿಯಿಂದ ಕೈಬಿಟ್ಟು, 1913ರಲ್ಲಿ ಕೇವಲ 100 ಡಾಲರಿಗೆ ಗುಜರಿಗೆ ಮಾರಿದರು. ಮರುವರ್ಷದ ಆಗಸ್ಟ್ 12ರಂದು, ಮೊದಲ ಮಹಾಯುದ್ಧ ಶುರುವಾದ ಕೆಲವೇ ದಿನಗಳಲ್ಲಿ, ಹಾಲೆಂಡ್ ತೀರಿಕೊಂಡ.

ಅಮೆರಿಕದ ಆ ನೌಕೆ ಇಂದು ಉಳಿದಿಲ್ಲ. ಆತನ ವಿನ್ಯಾಸದಂತೆ ಬ್ರಿಟನ್ 1901ರಲ್ಲಿ ಬ್ಯಾರೋದಲ್ಲಿ ಕಟ್ಟಿ ನೀರಿಗಿಳಿಸಿದ ‘ಹಾಲೆಂಡ್ 1’, 1913ರಲ್ಲಿ ಗುಜರಿಗೆ ಎಳೆದೊಯ್ಯುವಾಗ ಎಡಿಸ್ಟೋನ್ ದೀಪಸ್ತಂಭದ ಬಳಿ ಮುಳುಗಿಹೋಗಿತ್ತು. 1982ರಲ್ಲಿ ಮೇಲೆತ್ತಿದ ಅದನ್ನು ಈಗ ಗೋಸ್ಪೋರ್ಟ್‌ನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.