ಸಕ್ಕರೆ ಸರಪಳಿಯ ಕೊಂಡಿಗಳನ್ನು ಎಣಿಸಿದ ಬಗೆ

ಮಂಡ್ಯದಲ್ಲಾಗಲಿ ಬೆಳಗಾವಿಯಲ್ಲಾಗಲಿ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯಕ್ಕೆ ಹೋದರೆ ಕಬ್ಬಿನ ಹಾಲಿನ ‘ಬ್ರಿಕ್ಸ್’ ಮತ್ತು ‘ಪೋಲ್’ ಎಂಬ ಎರಡು ಅಂಕಿಗಳ ಮಾತು ಕಿವಿಗೆ ಬೀಳುತ್ತದೆ. ಬ್ರಿಕ್ಸ್ ಎಂದರೆ ಹಾಲಿನಲ್ಲಿ ಕರಗಿರುವ ಒಟ್ಟು ಘನವಸ್ತುವಿನ ಪಾಲು, ಪೋಲ್ ಎಂದರೆ ಅದರಲ್ಲಿರುವ ಸಕ್ಕರೆಯ ಪಾಲು. ತಿಳಿಗೊಳಿಸಿದ ಹಾಲನ್ನು ಉದ್ದನೆಯ ಕೊಳವೆಗೆ ತುಂಬಿ, ಅದರ ಮೂಲಕ ಧ್ರುವೀಕೃತ ಬೆಳಕನ್ನು ಹಾಯಿಸಿ, ಆ ಬೆಳಕು ಎಷ್ಟು ಡಿಗ್ರಿ ತಿರುಗಿತೆಂದು ನೋಡಿದರೆ ಪೋಲ್ ಸಿಗುತ್ತದೆ. ಕೆಲವೇ ನಿಮಿಷಗಳ ಕೆಲಸ. ಸಕ್ಕರೆಯ ದ್ರಾವಣ ಬೆಳಕನ್ನು ಹೀಗೆ ತಿರುಗಿಸುತ್ತದೆ ಎಂಬುದು ಫ್ರಾನ್ಸಿನ ಭೌತವಿಜ್ಞಾನಿ ಬಿಯೊ ಅವರಿಂದಾಗಿ 19ನೇ ಶತಮಾನದ ಆರಂಭದಲ್ಲೇ ತಿಳಿದಿತ್ತು. ಇಷ್ಟು ಸರಳ ಉಪಾಯ ಇಲ್ಲಿ ಸಾಕಾಗುವುದಕ್ಕೆ ಕಾರಣವೂ ಸರಳ: ಕಬ್ಬಿನ ಹಾಲಿನಲ್ಲಿರುವ ಸಕ್ಕರೆಯ ಬಹುಪಾಲು ಸುಕ್ರೋಸ್ ಎಂಬ ಒಂದೇ ಅಣು, ಮತ್ತು ಅದು ಯಾವುದೆಂದು ಮೊದಲೇ ಗೊತ್ತು.

ಯಾವ ಸಕ್ಕರೆ ಎಂಬುದೇ ಗೊತ್ತಿಲ್ಲದಿದ್ದರೆ, ಹತ್ತಾರು ಸಕ್ಕರೆಗಳು ಒಂದಕ್ಕೊಂದು ಹೆಣೆದುಕೊಂಡು ಸರಪಳಿಯಾಗಿದ್ದರೆ ಕಷ್ಟ ಶುರುವಾಗುತ್ತದೆ. ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳು ಮಣಿಸರದಂತೆ ಒಂದೇ ಬಗೆಯ ಕೊಂಡಿಯಿಂದ ಸಾಲಾಗಿ ಪೋಣಿಸಿಕೊಂಡಿರುತ್ತವೆ. ಸಕ್ಕರೆಗೆ ಅಂಥ ಶಿಸ್ತಿಲ್ಲ. ಒಂದು ಗ್ಲೂಕೋಸ್ ತನ್ನ ಪಕ್ಕದ ಗ್ಲೂಕೋಸಿನ ಎರಡು, ಮೂರು, ನಾಲ್ಕು ಅಥವಾ ಆರನೆಯ ಇಂಗಾಲದ ಬಳಿ ಕೈ ಹಿಡಿಯಬಹುದು. ಹಿಡಿದ ಕೈ ಆಲ್ಫಾ ದಿಕ್ಕಿನಲ್ಲಿರಬಹುದು, ಬೀಟಾ ದಿಕ್ಕಿನಲ್ಲಿರಬಹುದು. ಒಂದೇ ಸಕ್ಕರೆಯಿಂದ ಎರಡು ಮೂರು ಕವಲುಗಳೂ ಒಡೆಯಬಹುದು. ಅನ್ನದ ಪಿಷ್ಟದ ಮುಖ್ಯ ಎಳೆಯಲ್ಲೂ ಹತ್ತಿಯ ನೂಲಿನಲ್ಲೂ ಇರುವುದು ಗ್ಲೂಕೋಸೇ, ಕೊಂಡಿ ಬೀಳುವುದೂ ನಾಲ್ಕನೆಯ ಇಂಗಾಲದಲ್ಲೇ. ಕೊಂಡಿಯ ದಿಕ್ಕು ಮಾತ್ರ ಬೇರೆ, ಅಷ್ಟಕ್ಕೇ ಒಂದು ಊಟವಾಯಿತು, ಇನ್ನೊಂದು ಬಟ್ಟೆಯಾಯಿತು. ಆರು ಸಕ್ಕರೆಗಳ ಒಂದು ತುಣುಕು ಎಷ್ಟು ಬಗೆಯಲ್ಲಿ ಇರಬಹುದೆಂದು ಅಮೆರಿಕದ ರೋಜರ್ ಲೇನ್ 1994ರಲ್ಲಿ ಲೆಕ್ಕ ಹಾಕಿದಾಗ ಬಂದ ಉತ್ತರ ಒಂದು ಲಕ್ಷ ಕೋಟಿಗೂ ಹೆಚ್ಚು. ಇಪ್ಪತ್ತು ಅಮೈನೋ ಆಮ್ಲಗಳಿಂದ ಆರಾರನ್ನು ಪೋಣಿಸಿದರೆ ಸಿಗುವುದು ಆರೂವರೆ ಕೋಟಿಗೂ ಕಡಿಮೆ. ಸಾಲದ್ದಕ್ಕೆ ಸಕ್ಕರೆ ಸರಪಳಿಯ ಜೋಡಣೆಯನ್ನು ನೇರವಾಗಿ ಬರೆದಿಟ್ಟ ವಂಶವಾಹಿ ಇಲ್ಲ. ಕಿಣ್ವಗಳ ಒಂದು ಪಡೆಯೇ ಸರದಿಯಂತೆ ಅದನ್ನು ಕಟ್ಟುತ್ತದೆ, ಹೀಗಾಗಿ ಡಿಎನ್‌ಎ ಓದಿ ಸಕ್ಕರೆಯನ್ನು ಊಹಿಸುವ ಅಡ್ಡದಾರಿಯೂ ಇಲ್ಲ.

ಇಂಥ ಅಣುಗಳನ್ನು ಬೇರ್ಪಡಿಸಿ ಓದುವ ವಿಧಾನಗಳು ಕಳೆದ ನೂರೈವತ್ತು ವರ್ಷಗಳಲ್ಲಿ ಹುಟ್ಟಿದ್ದು ಬಿಡಿಬಿಡಿಯಾಗಿ, ಪ್ರತಿಯೊಂದೂ ಒಂದೊಂದೇ ಪ್ರಶ್ನೆಗೆ ಉತ್ತರವಾಗಿ.

ಮೊದಲ ಪ್ರಶ್ನೆ: ಪಾತ್ರೆಯಲ್ಲಿರುವುದು ಯಾವ ಸಕ್ಕರೆ? 19ನೇ ಶತಮಾನದ ರಸಾಯನಶಾಸ್ತ್ರಜ್ಞರು ವಸ್ತುವನ್ನು ಗುರುತಿಸುತ್ತಿದ್ದುದು ಹರಳು ಕಟ್ಟಿಸಿ, ಆ ಹರಳು ಕರಗುವ ಉಷ್ಣತೆಯನ್ನು ನೋಡಿ. ಶುದ್ಧವಲ್ಲದ ಸಕ್ಕರೆಯಾದರೋ ಹರಳಾಗುವ ಬದಲು ಅಂಟು ಪಾಕವಾಗಿ ಕುಳಿತುಬಿಡುತ್ತಿತ್ತು. ಜರ್ಮನಿಯ ಎಮಿಲ್ ಫಿಷರ್ ತಾವೇ 1875ರಲ್ಲಿ ಕಂಡುಹಿಡಿದಿದ್ದ ಫೀನೈಲ್‌ಹೈಡ್ರಜೀನ್ ಎಂಬ ದ್ರವವನ್ನು 1884ರಲ್ಲಿ ಸಕ್ಕರೆಗಳೊಂದಿಗೆ ಬೆರೆಸಿದಾಗ ಓಸಜೋನ್ ಎಂಬ ಹಳದಿ ಹರಳುಗಳು ಸುಲಭವಾಗಿ ಬೇರ್ಪಟ್ಟವು. ಗ್ಲೂಕೋಸ್, ಮ್ಯಾನೋಸ್ ಮತ್ತು ಫ್ರಕ್ಟೋಸ್ ಮೂರೂ ಒಂದೇ ಓಸಜೋನನ್ನು ಕೊಡುತ್ತಿದ್ದವು. ಗುರುತು ಹಚ್ಚುವವನಿಗೆ ಇದು ತೊಡಕು. ಫಿಷರರಿಗೆ ಅದೇ ಸುಳಿವಾಯಿತು. ಈ ಮೂರು ಸಕ್ಕರೆಗಳ ನಡುವಿನ ವ್ಯತ್ಯಾಸವೆಲ್ಲ ಮೊದಲ ಎರಡು ಇಂಗಾಲಗಳಲ್ಲೇ ಇದೆ, ಉಳಿದ ಭಾಗ ಒಂದೇ ಎಂದು ಅದರಿಂದ ತಿಳಿಯಿತು. ಹೀಗೆ ತರ್ಕದ ಎಳೆ ಹಿಡಿದು 1891ರಲ್ಲಿ ಅವರು ಗ್ಲೂಕೋಸಿನ ಪ್ರತಿಯೊಂದು ಇಂಗಾಲದಲ್ಲೂ ಹೈಡ್ರಾಕ್ಸಿಲ್ ಗುಂಪು (ಆಮ್ಲಜನಕ ಮತ್ತು ಜಲಜನಕದ ಜೋಡಿ) ಯಾವ ಕಡೆಗೆ ಚಾಚಿದೆ ಎಂಬುದನ್ನು ನಿರ್ಧರಿಸಿದರು. 1902ರ ನೊಬೆಲ್ ಪಾರಿತೋಷಕ ಅವರಿಗೆ ಬಂತು; ಫೀನೈಲ್‌ಹೈಡ್ರಜೀನಿನ ವಿಷ ಮೈಗೇರಿ ದೀರ್ಘಕಾಲ ನರಳಿದ್ದೂ ಅವರೇ.

ಎರಡನೆಯ ಪ್ರಶ್ನೆ ಕೊಂಡಿಯದು, ಮತ್ತು ನನ್ನ ದೃಷ್ಟಿಯಲ್ಲಿ ಈ ಇಡೀ ಇತಿಹಾಸದ ಅತ್ಯಂತ ಚತುರ ಉಪಾಯ ಇಲ್ಲಿದೆ. ಗೋಡೆಗೆ ತಾಗಿಸಿ ಪೆಟ್ಟಿಗೆಯೊಂದನ್ನು ಇಟ್ಟಿರುವಾಗಲೇ ಸುಣ್ಣ ಬಳಿದು, ಆಮೇಲೆ ಪೆಟ್ಟಿಗೆಯನ್ನು ಸರಿಸಿದರೆ, ಸುಣ್ಣ ತಾಗದ ಜಾಗವೇ ಪೆಟ್ಟಿಗೆ ಎಲ್ಲಿತ್ತೆಂದು ಹೇಳುತ್ತದೆ. ಮೀಥೈಲೀಕರಣ ವಿಶ್ಲೇಷಣೆ ಮಾಡುವುದೂ ಇಷ್ಟನ್ನೇ. ಸರಪಳಿಯಲ್ಲಿ ಖಾಲಿ ಇರುವ ಹೈಡ್ರಾಕ್ಸಿಲ್ ಗುಂಪುಗಳಿಗೆಲ್ಲ ಮೀಥೈಲ್ ಟೋಪಿ ತೊಡಿಸಿ, ನಂತರ ಸರಪಳಿಯನ್ನು ಆಮ್ಲದಲ್ಲಿ ಕುದಿಸಿ ಬಿಡಿ ಸಕ್ಕರೆಗಳಾಗಿ ಒಡೆದರೆ, ಹಿಂದೆ ಕೊಂಡಿ ಇದ್ದ ಜಾಗಗಳು ಮಾತ್ರ ಟೋಪಿಯಿಲ್ಲದೆ ಬರಿದಾಗಿರುತ್ತವೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಪರ್ಡಿ ಮತ್ತು ಅರ್ವಿನ್ 1903ರಲ್ಲಿ ಬೆಳ್ಳಿಯ ಆಕ್ಸೈಡ್ ಮತ್ತು ಮೀಥೈಲ್ ಅಯೋಡೈಡ್ ಬಳಸಿ ಸಕ್ಕರೆಗಳ ಮೇಲೆ ಇದನ್ನು ಆರಂಭಿಸಿದರು. 1915ರಲ್ಲಿ ನಾರ್ಮನ್ ಹಾವರ್ತ್ ಅಗ್ಗದ ಡೈಮೀಥೈಲ್ ಸಲ್ಫೇಟನ್ನು ತಂದರು. ಸಕ್ಕರೆಗಳು ಉಂಗುರದಂತೆ ಸುತ್ತಿಕೊಂಡಿರುವ ಬಗೆಯನ್ನೂ ಪಿಷ್ಟ, ಸೆಲ್ಯುಲೋಸ್‌ಗಳ ಕೊಂಡಿಗಳನ್ನೂ ಹಾವರ್ತ್ ಬಿಡಿಸಿದ್ದು ಇದೇ ದಾರಿಯಲ್ಲಿ. ಆದರೆ ಒಂದೆರಡು ಜಾಗಕ್ಕೆ ಟೋಪಿ ತಪ್ಪಿದರೂ ಸುಳ್ಳು ಕೊಂಡಿ ಕಾಣಿಸುವುದರಿಂದ ಅದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡಬೇಕಿತ್ತು. 1964ರಲ್ಲಿ ಸೆನಿತಿರೋ ಹಾಕೊಮೊರಿ ಕೊಟ್ಟ ಪ್ರಬಲ ಕ್ಷಾರದ ವಿಧಾನದಿಂದ ಅದು ಒಂದೇ ಸಲಕ್ಕೆ ಸಾಧ್ಯವಾಯಿತು. 1984ರಲ್ಲಿ ಚುಕಾನು ಮತ್ತು ಕೆರೆಕ್ ಎಂಬಿಬ್ಬರು ಸೋಡಿಯಂ ಹೈಡ್ರಾಕ್ಸೈಡಿನ ಪುಡಿಯೇ ಸಾಕೆಂದು ತೋರಿಸಿದ ಮೇಲೆ ಅದು ಸಾಮಾನ್ಯ ಪ್ರಯೋಗಾಲಯದ ಕೆಲಸವಾಯಿತು.

ಇಷ್ಟಾದರೂ, ಮಿಶ್ರಣವನ್ನು ಮೊದಲು ಬೇರ್ಪಡಿಸದೆ ಏನನ್ನೂ ಓದಲಾಗದು. ರಷ್ಯಾದ ಮಿಖಾಯಿಲ್ ತ್ಸ್ವೆತ್ 1903ರಲ್ಲಿ ವಾರ್ಸಾದಲ್ಲಿ ವಿವರಿಸಿ, 1906ರಲ್ಲಿ ‘ಕ್ರೊಮಟೋಗ್ರಫಿ’ ಎಂದು ಹೆಸರಿಟ್ಟ ವಿಧಾನ ಎಲೆಯ ಬಣ್ಣಗಳಿಗೆ ಹೇಳಿ ಮಾಡಿಸಿದಂತಿತ್ತು. ಸುಣ್ಣದ ಪುಡಿ ತುಂಬಿದ ಕೊಳವೆಯಲ್ಲಿ ಹಸಿರು, ಹಳದಿ ಪಟ್ಟೆಗಳು ಬೇರೆಬೇರೆಯಾಗಿ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. ಸಕ್ಕರೆಗೆ ಬಣ್ಣವಿಲ್ಲ, ಅದು ಕಣ್ಣಿಗೂ ಕಾಣದು, ಸಾಮಾನ್ಯ ನೇರಳಾತೀತ ಉಪಕರಣಗಳಿಗೂ ಕಾಣದು. 1944ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಉಣ್ಣೆ ಸಂಶೋಧನಾ ಸಂಸ್ಥೆಯಲ್ಲಿ ಕಾನ್ಸ್‌ಡೆನ್, ಗಾರ್ಡನ್ ಮತ್ತು ಮಾರ್ಟಿನ್ ಉಣ್ಣೆಯ ಅಮೈನೋ ಆಮ್ಲಗಳಿಗೆಂದು ಸೋಸುಕಾಗದದ ಕ್ರೊಮಟೋಗ್ರಫಿಯನ್ನು ರೂಪಿಸಿದರು. ಎರಡೇ ವರ್ಷಗಳಲ್ಲಿ ಪಾರ್ಟ್ರಿಜ್ ಅದನ್ನು ಸಕ್ಕರೆಗಳಿಗೆ ಹೊಂದಿಸಿದರು. ಕಾಗದದ ಮೇಲೆ ಒಂದು ಹನಿ ಇಟ್ಟು, ಅದರ ಅಂಚನ್ನು ದ್ರಾವಕದಲ್ಲಿ ನೆನೆಸಿದರೆ ಪ್ರತಿಯೊಂದು ಸಕ್ಕರೆಯೂ ತನ್ನದೇ ದೂರಕ್ಕೆ ಸರಿಯುತ್ತದೆ. ಕಾಗದವನ್ನು ಒಣಗಿಸಿ ತಕ್ಕ ರಾಸಾಯನಿಕ ಸಿಂಪಡಿಸಿ ಕಾಯಿಸಿದರೆ ಅಲ್ಲಲ್ಲಿ ಕಲೆಗಳು ಮೂಡುತ್ತವೆ. ಗ್ರಾಂಗಟ್ಟಲೆ ವಸ್ತು ಬೇಕಾಗಿದ್ದ ಕೆಲಸ ಈಗ ಒಂದು ಹನಿಯಲ್ಲಿ ಮುಗಿಯತೊಡಗಿತು.

ರಕ್ತದ ಗುಂಪುಗಳ ಗುಟ್ಟು ಬಯಲಾಗುವಲ್ಲಿ ಇದು ನೆರವಾಯಿತು. ಎ, ಬಿ, ಒ ಎಂಬ ಭೇದವನ್ನು ಲ್ಯಾಂಡ್‌ಸ್ಟೈನರ್ 20ನೇ ಶತಮಾನದ ಆರಂಭದಲ್ಲೇ ಕಂಡಿದ್ದರೂ, ಆ ಭೇದ ಯಾವ ಅಣುವಿನಲ್ಲಿದೆ ಎಂಬುದು ಅರ್ಧ ಶತಮಾನದವರೆಗೆ ಸ್ಪಷ್ಟವಾಗಿರಲಿಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ವಾಲ್ಟರ್ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಅಂಡಾಶಯದ ನೀರುಗುಳ್ಳೆಗಳ ದ್ರವದಿಂದ ಗುಂಪಿನ ಗುರುತು ಹೊತ್ತ ವಸ್ತುವನ್ನು ಬೇಕಾದಷ್ಟು ಪಡೆದರು. ಯಾವ ಬಿಡಿ ಸಕ್ಕರೆಯನ್ನು ಸೇರಿಸಿದರೆ ರಕ್ತಕಣಗಳು ಗಂಟುಕಟ್ಟುವುದು ನಿಲ್ಲುತ್ತದೆ ಎಂದು ಪರೀಕ್ಷಿಸುತ್ತಾ ಹೋದಾಗ ತಿಳಿದದ್ದು ಇಷ್ಟು: ಎ ಗುಂಪಿನವರ ಸರಪಳಿಯ ತುದಿಯಲ್ಲಿ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್, ಬಿ ಗುಂಪಿನವರಲ್ಲಿ ಗ್ಯಾಲಕ್ಟೋಸ್, ಒ ಗುಂಪಿನವರಲ್ಲಿ ಇವೆರಡೂ ಇಲ್ಲ, ಫ್ಯೂಕೋಸ್ ಇರುವ ಬುನಾದಿ ಮಾತ್ರ. 1952ರಲ್ಲಿ ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ‘ಬಾಂಬೆ ರಕ್ತದ ಗುಂಪಿ’ನವರಲ್ಲಿ ಆ ಫ್ಯೂಕೋಸೂ ಇರುವುದಿಲ್ಲ; ಅವರಿಗೆ ಒ ಗುಂಪಿನ ರಕ್ತವೂ ಒಗ್ಗುವುದಿಲ್ಲ.

ಈ ಹುಡುಕಾಟದಲ್ಲಿ ಬೀಜಗಳೂ ಉಪಕರಣಗಳಾದವು. ನಿರ್ದಿಷ್ಟ ಸಕ್ಕರೆಯನ್ನೇ ಆರಿಸಿ ಹಿಡಿಯುವ ಪ್ರೋಟೀನುಗಳಿಗೆ ಲೆಕ್ಟಿನ್ ಎಂದು ಹೆಸರು. ನಮ್ಮ ಹುರುಳಿಕಾಳಿನ ಸಾರ ಎ ಗುಂಪಿನ ರಕ್ತವನ್ನು ಗಂಟುಕಟ್ಟಿಸುತ್ತದೆ ಎಂದು ಜಿ.ಡಬ್ಲ್ಯು.ಜಿ. ಬರ್ಡ್ 1951ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎ1 ಮತ್ತು ಎ2 ಎಂಬ ಒಳಗುಂಪುಗಳನ್ನು ಬೇರ್ಪಡಿಸಲು ರಕ್ತನಿಧಿಗಳು ಇಂದಿಗೂ ಹುರುಳಿಯ ಲೆಕ್ಟಿನನ್ನೇ ಬಳಸುತ್ತವೆ. ಹಲಸಿನ ಬೀಜದ ಜ್ಯಾಕಲಿನ್ ಮತ್ತು ಕಡಲೆಕಾಯಿಯ ಲೆಕ್ಟಿನ್ ಸಕ್ಕರೆಯನ್ನು ಹಿಡಿಯುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಅವಧೇಶ ಸುರೋಲಿಯ ಮತ್ತಿತರರು 1990ರ ದಶಕದಲ್ಲಿ ಎಕ್ಸ್-ಕಿರಣಗಳ ಮೂಲಕ ಪರಮಾಣುಮಟ್ಟದಲ್ಲಿ ತೋರಿಸಿದರು. ಇಂಥ ಲೆಕ್ಟಿನನ್ನು ಕೊಳವೆಯಲ್ಲಿ ತುಂಬಿ ಮಿಶ್ರಣವನ್ನು ಹರಿಸಿದರೆ ಬೇಕಾದ ಸರಪಳಿ ಮಾತ್ರ ಅಲ್ಲೇ ನಿಲ್ಲುತ್ತದೆ.

1980ರ ದಶಕದಲ್ಲಿ ಹಲವು ದಾರಿಗಳು ಒಮ್ಮೆಲೇ ತೆರೆದವು. ಸಕ್ಕರೆಯನ್ನು ನಾವು ತಟಸ್ಥವೆಂದು ಭಾವಿಸಿದರೂ ಪ್ರಬಲ ಕ್ಷಾರದಲ್ಲಿ ಅದು ದುರ್ಬಲ ಆಮ್ಲದಂತೆ ವರ್ತಿಸಿ ಋಣ ವಿದ್ಯುದಂಶ ಪಡೆಯುತ್ತದೆ. ಈ ಗುಣವನ್ನು ಹಿಡಿದು ವಿದ್ಯುದಂಶವಿರುವ ಕಣಗಳನ್ನು ಹಿಡಿದುಬಿಡುವ ಅಯಾನು ವಿನಿಮಯದ ಕಾಲಂನಲ್ಲಿ, ಅಂದರೆ ತುಂಬಿದ ಕೊಳವೆಯಲ್ಲಿ, ಸಕ್ಕರೆಗಳನ್ನು ಬೇರ್ಪಡಿಸಿ, ಹೊರಬರುವಾಗ ಚಿನ್ನದ ಎಲೆಕ್ಟ್ರೋಡಿನ ಮೇಲೆ ಉತ್ಕರ್ಷಿಸಿ ಅಳೆಯುವ ಪದ್ಧತಿ ಬಂತು. ಬಣ್ಣವಿಲ್ಲದ ವಸ್ತುವಿಗೆ ಬಣ್ಣ ಕಟ್ಟಬೇಕಾದ ಅಗತ್ಯವೇ ಅಲ್ಲಿ ಇಲ್ಲ. ಇನ್ನೊಂದು ಕಡೆ ಬ್ಯಾಕ್ಟೀರಿಯಾದಿಂದ ಪಡೆದ ಪಿಎನ್‌ಗೇಸ್-ಎಫ್ ಎಂಬ ಕಿಣ್ವ, ಪ್ರೋಟೀನಿಗೆ ಅಂಟಿದ ಸಕ್ಕರೆ ಸರಪಳಿಯನ್ನು ಮುರಿಯದೆ ಇಡಿಯಾಗಿ ಕತ್ತರಿಸಿ ಕೊಡತೊಡಗಿತು. ಆ ಸರಪಳಿಯ ತುದಿಗೆ ಹೊಳೆಯುವ ಗುರುತೊಂದನ್ನು ಅಂಟಿಸಿ ಕಾಲಂಗೆ ಹರಿಸಿ, ಗ್ಲೂಕೋಸಿನದೇ ಸರಪಳಿಯಾದ ಡೆಕ್ಸ್‌ಟ್ರಾನನ್ನು ಒಡೆದು ಮಾಡಿದ ಗ್ಲೂಕೋಸ್ ಏಣಿಯ ಎಷ್ಟನೆಯ ಮೆಟ್ಟಿಲಿಗೆ ಅದು ಸಮನಾಗುತ್ತದೆಂದು ನೋಡುವ ಕ್ರಮ 1990ರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಗಟ್ಟಿಯಾಯಿತು. ತೂಕ ನೋಡಲು ಮಾಸ್ ಸ್ಪೆಕ್ಟ್ರೋಮೀಟರ್ ಬಂತು. ಅದರ ಮಿತಿ ಏನೆಂದರೆ ಗ್ಲೂಕೋಸ್, ಗ್ಯಾಲಕ್ಟೋಸ್, ಮ್ಯಾನೋಸ್ ಮೂರರ ಅಣುತೂಕವೂ 180. ಯಾರು ಯಾರೆಂದು ತಕ್ಕಡಿ ಹೇಳಲಾರದು. ಕೊಂಡಿಯ ಆಲ್ಫಾ-ಬೀಟಾ ದಿಕ್ಕನ್ನು ನೇರವಾಗಿ ಹೇಳುವುದು ಎನ್‌ಎಂಆರ್, ಅಂದರೆ ಬಲವಾದ ಅಯಸ್ಕಾಂತದ ನಡುವೆ ಪರಮಾಣುಗಳು ಕೊಡುವ ಸಂಕೇತವನ್ನು ಓದುವ ವಿಧಾನ, ಆದರೆ ಅದಕ್ಕೆ ವಸ್ತು ಹೆಚ್ಚು ಬೇಕು.

ಔಷಧ ಉದ್ಯಮಕ್ಕೆ ಇದೆಲ್ಲ ದಿನನಿತ್ಯದ ಕೆಲಸವಾದದ್ದು ಜೀವಕೋಶಗಳಲ್ಲಿ ಪ್ರೋಟೀನ್ ಔಷಧಗಳನ್ನು ಬೆಳೆಸತೊಡಗಿದ ಮೇಲೆ. ಪ್ರತಿಕಾಯಕ್ಕೆ ಅಂಟಿದ ಸಕ್ಕರೆ ಸರಪಳಿಯಲ್ಲಿ ಒಂದು ಫ್ಯೂಕೋಸ್ ಇಲ್ಲದಿದ್ದರೆ ಅದು ಕ್ಯಾನ್ಸರ್ ಕೋಶದ ಮೇಲೆ ರೋಗನಿರೋಧಕ ಕೋಶಗಳನ್ನು ಎಬ್ಬಿಸುವ ಬಲವೇ ಹೆಚ್ಚಾಗುತ್ತದೆ. ಬೆಂಗಳೂರಿನ ಬಯೋಕಾನ್ ತನ್ನ ಪಾಲುದಾರ ಕಂಪನಿಯೊಂದಿಗೆ ರೂಪಿಸಿದ ಟ್ರಾಸ್ಟುಜುಮಾಬ್ ಎಂಬ ಕ್ಯಾನ್ಸರ್ ಪ್ರತಿಕಾಯ 2017ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಮನ್ನಣೆ ಪಡೆಯಿತು. ಇಂಥ ಜೈವಿಕ ಸಮರೂಪಿ ಔಷಧಗಳು ಮೂಲ ಔಷಧಕ್ಕೆ ಸಮವೆಂದು ತೋರಿಸುವಾಗ ಸಕ್ಕರೆ ಸರಪಳಿಗಳ ಹೋಲಿಕೆಯನ್ನೂ ಮುಂದಿಡಬೇಕಾಗುತ್ತದೆ.

ಒಂದೇ ಪ್ರಶ್ನೆ ಕೇಳಿ ಸುಮ್ಮನಾದರೆ ಏನಾಗುತ್ತದೆ ಎಂಬುದು 2008ರಲ್ಲಿ ಕಂಡಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಒಂದು ಸಕ್ಕರೆ ಸರಪಳಿ. ಹಂದಿಯ ಕರುಳಿನಿಂದ ಅದನ್ನು ತೆಗೆಯುತ್ತಾರೆ, ಡಯಾಲಿಸಿಸ್ ಮತ್ತು ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಅದಿಲ್ಲದೆ ನಡೆಯದು. ಆ ವರ್ಷದ ಆರಂಭದಲ್ಲಿ ಅಮೆರಿಕದಲ್ಲಿ ಹೆಪಾರಿನ್ ಪಡೆದ ರೋಗಿಗಳಲ್ಲಿ ರಕ್ತದೊತ್ತಡ ಏಕಾಏಕಿ ಕುಸಿಯುವ, ಉಸಿರು ಕಟ್ಟುವ ಪ್ರಕರಣಗಳು ವರದಿಯಾದವು, ಸಾವುಗಳೂ ಸಂಭವಿಸಿದವು. ಚೀನಾದಿಂದ ಬಂದ ಕಚ್ಚಾವಸ್ತುವಿನ ಮೇಲೆ ಸಂಶಯ ಬಿತ್ತು. ಆದರೆ ನಿಯಮದಂತೆ ಮಾಡುವ ಪರೀಕ್ಷೆಗಳಲ್ಲಿ ಅದು ಪಾಸಾಗಿತ್ತು. ಆಗಿನ ಮುಖ್ಯ ಪರೀಕ್ಷೆ ಕುರಿಯ ರಕ್ತದ್ರವ ಹೆಪ್ಪುಗಟ್ಟುವುದನ್ನು ಔಷಧ ಎಷ್ಟು ತಡೆಯುತ್ತದೆ ಎಂಬುದನ್ನು ಅಳೆಯುತ್ತಿತ್ತು, ಬಾಟಲಿಯಲ್ಲಿರುವ ಅಣು ಯಾವುದೆಂದು ಕೇಳುತ್ತಿರಲಿಲ್ಲ.

ಎಫ್‌ಡಿಎ ಮಾರ್ಚ್ ತಿಂಗಳಲ್ಲಿ ಎನ್‌ಎಂಆರ್ ಮತ್ತು ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್ (ಕೂದಲೆಳೆಯಂಥ ಕೊಳವೆಯಲ್ಲಿ ವಿದ್ಯುತ್ತಿನಿಂದ ಬೇರ್ಪಡಿಸುವ) ವಿಧಾನಗಳನ್ನು ಎಲ್ಲ ತಯಾರಕರಿಗೂ ಬಹಿರಂಗಪಡಿಸಿತು. ಎನ್‌ಎಂಆರ್ ನಕ್ಷೆಯಲ್ಲಿ ಹೆಪಾರಿನ್ನಿನ ಅಸಿಟೈಲ್ ಗುಂಪಿನ ಗೆರೆ ಅಳತೆಪಟ್ಟಿಯ 2.04 ಪಿಪಿಎಂನಲ್ಲಿ ಬೀಳಬೇಕು, ಕೆಟ್ಟ ಬ್ಯಾಚುಗಳಲ್ಲಿ 2.15ರ ಬಳಿ ಇನ್ನೊಂದು ಗೆರೆ ಎದ್ದಿತ್ತು. ಎಂಐಟಿಯ ರಾಮ್ ಶಶಿಶೇಖರನ್ ಅವರ ತಂಡವೂ ಇಟಲಿ ಮತ್ತು ಅಮೆರಿಕದ ಇತರ ವಿಜ್ಞಾನಿಗಳೂ ಕೂಡಿ ಆ ಗೆರೆಯ ಒಡೆಯನನ್ನು ಗುರುತಿಸಿದರು. (ರಾಮ್ ಅವರ ತಂದೆ ವಿ. ಶಶಿಶೇಖರನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದವರು, ಪ್ರೋಟೀನ್ ರಚನೆಯ ರಾಮಚಂದ್ರನ್ ನಕ್ಷೆಯ ಸಹಕರ್ತೃ.) ಆ ಗೆರೆ ಎಬ್ಬಿಸಿದ್ದು ಪ್ರಾಣಿಗಳ ಮೃದ್ವಸ್ಥಿಯಿಂದ ಅಗ್ಗಕ್ಕೆ ಸಿಗುವ ಕಾಂಡ್ರಾಯ್ಟಿನ್‌ಗೆ ಸಲ್ಫೇಟ್ ಗುಂಪುಗಳನ್ನು ಬಲವಂತವಾಗಿ ತುಂಬಿದ ವಸ್ತು. ಹೀಗೆ ತುಂಬಿದ್ದರಿಂದ ಅದಕ್ಕೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಣ ಬಂದಿತ್ತು, ಹೀಗಾಗಿಯೇ ಅದು ಹಳೆಯ ಪರೀಕ್ಷೆಯ ಕಣ್ಣಿಗೆ ಮಣ್ಣೆರಚಿತು. ತಿಳಿಯದೆ ಬೆರೆತ ಕಸವಾಗಿದ್ದರೆ ಇಷ್ಟು ಅಚ್ಚುಕಟ್ಟಾಗಿ ಹೊಂದಿಕೊಳ್ಳುತ್ತಿರಲಿಲ್ಲ ಎಂಬ ಅನುಮಾನ ಸಹಜವಾಗಿಯೇ ಹುಟ್ಟಿತು.

ಅಮೆರಿಕದ ಔಷಧಸಂಹಿತೆ ಆ ಬಳಿಕ ಹೆಪಾರಿನ್ನಿನ ಪರೀಕ್ಷೆಗಳನ್ನು ತಿದ್ದಿತು. ಎನ್‌ಎಂಆರ್ ಸೇರಿತು, ಅಯಾನು ವಿನಿಮಯದ ಕ್ರೊಮಟೋಗ್ರಫಿ ಸೇರಿತು. ಅವುಗಳ ಜೊತೆಗೆ ಬಂದ ಇನ್ನೊಂದು ಪರೀಕ್ಷೆಯಲ್ಲಿ ಹೆಪಾರಿನ್ನನ್ನು ಆಮ್ಲದಲ್ಲಿ ಕುದಿಸಿ ಬಿಡಿ ಸಕ್ಕರೆಗಳಾಗಿ ಒಡೆದು, ಪ್ರಬಲ ಕ್ಷಾರದ ಕಾಲಂನಲ್ಲಿ ಬೇರ್ಪಡಿಸಿ, ಚಿನ್ನದ ಎಲೆಕ್ಟ್ರೋಡಿನಿಂದ ಅಳೆಯುತ್ತಾರೆ. ಹೆಪಾರಿನ್ನಿನಲ್ಲಿರುವುದು ಗ್ಲೂಕೋಸಮೀನ್, ಕಾಂಡ್ರಾಯ್ಟಿನ್‌ನಲ್ಲಿರುವುದು ಗ್ಯಾಲಕ್ಟೋಸಮೀನ್. ಇವುಗಳ ಒಟ್ಟು ಮೊತ್ತದಲ್ಲಿ ಗ್ಯಾಲಕ್ಟೋಸಮೀನಿನ ಪಾಲು ಶೇ. 1ನ್ನು ಮೀರುವಂತಿಲ್ಲ. ಈ ಎರಡು ಸಕ್ಕರೆಗಳ ನಡುವೆ ಇರುವ ಭೇದ ನಾಲ್ಕನೆಯ ಇಂಗಾಲದ ಹೈಡ್ರಾಕ್ಸಿಲ್ ಯಾವ ಕಡೆಗೆ ಚಾಚಿದೆ ಎಂಬುದೊಂದೇ.