ಸಾಲಿಗ್ರಾಮಕ್ಕೆ ಮಲೆನಾಡ ಮಳೆ ಆಗಿಬರದು

ಡೈನೋಸಾರ್ ಕಾಲದ ಕುರುಹು ಹುಡುಕುತ್ತ ಹಾಸನ, ಚಿಕ್ಕಮಗಳೂರಿನ ಬೆಟ್ಟಗುಡ್ಡ ಅಲೆದರೆ ಕಾಲು ನೋವೇ ಲಾಭ. ಇಲ್ಲಿನ ಕಲ್ಲು ಅದಕ್ಕಿಂತ ಬಹಳ ಹಳೆಯದು. ಗೊರೂರು ಸುತ್ತಲಿನ ಪಟ್ಟೆಪಟ್ಟೆಯ ಕಲ್ಲಿಗೆ ಸುಮಾರು 330 ಕೋಟಿ ವರ್ಷ, ಬಾಬಾಬುಡನ್‌ಗಿರಿಯ ಕಬ್ಬಿಣದ ಕಲ್ಲಿಗೆ 270 ಕೋಟಿಯ ಆಸುಪಾಸು. ಆಗ ಇದ್ದದ್ದೆಲ್ಲ ಸೂಕ್ಷ್ಮಜೀವಿಗಳು. ಮೂಳೆ, ಚಿಪ್ಪು ಇನ್ನೂ ಯಾವ ಜೀವಿಗೂ ಬಂದಿರಲಿಲ್ಲ. ಹೇಮಾವತಿಯಲ್ಲಿ ಉರುಳಿ ನುಣುಪಾದ ಕರಿಕಲ್ಲು ಎಷ್ಟೇ ಚೆಂದವಿರಲಿ, ಒಡೆದರೆ ಒಳಗೂ ಬರೀ ಕಲ್ಲೇ.

ಆದರೆ ಇದೇ ಊರುಗಳ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಡೈನೋಸಾರ್ ಕಾಲದ ಪಳೆಯುಳಿಕೆ ಇದೆ. ದಿನವೂ ತುಳಸಿ ಏರಿಸಿಕೊಳ್ಳುವ, ನೇಪಾಳದ ಗಂಡಕಿ ನದಿಯ ಸಾಲಿಗ್ರಾಮವೇ ಅದು.

ಸಾಲಿಗ್ರಾಮದ ತವರು ಸ್ಪಿತಿ ಶೇಲ್ ಎಂಬ ಕಪ್ಪು ಪದರಗಲ್ಲು. ಹಿಮಾಚಲದ ಸ್ಪಿತಿ ಕಣಿವೆಯಿಂದ ಹೆಸರು ಬಂತು. ಅದೇ ಪದರ ನೇಪಾಳದ ಮುಸ್ತಾಂಗ್‌ನಲ್ಲೂ ಇದೆ. 16ರಿಂದ 14 ಕೋಟಿ ವರ್ಷಗಳ ಹಿಂದೆ, ನೆಲದ ಮೇಲೆ ಉದ್ದ ಕತ್ತಿನ ಡೈನೋಸಾರ್‌ಗಳು ಮರ ಮೇಯುತ್ತಿದ್ದಾಗ, ಇದು ಟೆಥಿಸ್ ಸಮುದ್ರದ ತಳದ ಕೆಸರಾಗಿತ್ತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯಾಕ್ಕೆ ಗುದ್ದತೊಡಗಿ ಆ ತಳವೇ ಮೇಲೆದ್ದಿತು. ಈಗ ಮುಸ್ತಾಂಗ್‌ನ ಮುಕ್ತಿನಾಥ ಕ್ಷೇತ್ರ ಇರುವುದು 3,700 ಮೀಟರ್ ಎತ್ತರದಲ್ಲಿ, ಹತ್ತಿರ ಹತ್ತಿರ ಎರಡು ಮುಳ್ಳಯ್ಯನಗಿರಿ.

ಕಲ್ಲೊಳಗಿನ ಚಕ್ರ ಅಮ್ಮೊನೈಟಿನದು. ಕರಾವಳಿಯವರು ಬೊಂಡಾಸ್ ಎನ್ನುವ ಮೃದ್ವಂಗಿಯ ದೂರದ ನೆಂಟ, ಆದರೆ ಸುರುಳಿ ಚಿಪ್ಪಿನದು. ಬೆಳೆದಂತೆ ಹಿಂದೆ ಗೋಡೆ ಕಟ್ಟಿಕೊಂಡು ಮುಂದಿನ ಕೋಣೆಗೆ ಸರಿಯುತ್ತಿತ್ತು. ಖಾಲಿ ಕೋಣೆಗಳಿಂದ ಸಣ್ಣ ಕೊಳವೆಯ ಮೂಲಕ ನೀರು ಎಳೆದುಕೊಂಡು ತೇಲುತ್ತಿತ್ತು. ಸತ್ತದ್ದು ಕೆಸರಿಗೆ ಬೀಳುತ್ತಿತ್ತು.

ಆ ಕೆಸರಿನಲ್ಲಿ ಗಾಳಿಯಿರಲಿಲ್ಲ. ಕೊಳೆಸುವ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಸಮುದ್ರದ ನೀರಿನ ಸಲ್ಫೇಟನ್ನು ಬಳಸಿ, ಕೊಳೆತ ಮೊಟ್ಟೆ ವಾಸನೆಯ ಅನಿಲ ಬಿಡುತ್ತಿದ್ದವು. ಅದು ಕೆಸರಿನ ಕಬ್ಬಿಣದ ಜೊತೆ ಸೇರಿ ಪೈರೈಟ್ ಆಯಿತು. ಕೆಲವು ಸಾಲಿಗ್ರಾಮಗಳಲ್ಲಿ ಕಾಣುವ ಚಿನ್ನದ ಮಿಂಚು ಇದೇ. ಜೊತೆಗೆ ಚಿಪ್ಪಿನ ಸುತ್ತ ಸುಣ್ಣದಂಶ ಕಟ್ಟಿ ಕೆಸರು ಉಂಡೆಯಾಗಿ ಗಟ್ಟಿಯಾಯಿತು. ಮೇಲೆ ಹೊಸ ಕೆಸರಿನ ಭಾರ ಬೀಳುವ ಮೊದಲೇ ಉಂಡೆ ಗಟ್ಟಿಯಾದ್ದರಿಂದ ಒಳಗಿನ ಚಿಪ್ಪು ದುಂಡಗೆ ಉಳಿಯಿತು. ಉಂಡೆಯ ಹೊರಗೆ ಸಿಕ್ಕಿದವು ಹಪ್ಪಳದಂತೆ ಚಪ್ಪಟೆ. ಮೆತ್ತಗಿನ ಶೇಲನ್ನು ಕಾಳಿ ಗಂಡಕಿ ಸವೆಸಿ ಒಯ್ಯುತ್ತದೆ, ಉಂಡೆ ಉಳಿದು ಉರುಳುತ್ತದೆ. ಎಲ್ಲೋ ಒಂದು ಕಡೆ ಸವೆದು ತೂತಾದರೆ ಅದೇ ‘ವದನ’. ಟಾರ್ಚ್ ಹಿಡಿದರೆ ಒಳಗಿನ ಚಕ್ರ ಕಾಣುತ್ತದೆ. ಎರಡಾಗಿ ಸೀಳಿದರೆ ಒಂದು ಹೋಳಲ್ಲಿ ಚಕ್ರ ಉಬ್ಬಿರುತ್ತದೆ, ಇನ್ನೊಂದರಲ್ಲಿ ತಗ್ಗಾಗಿರುತ್ತದೆ.

ಪೇಟೆಯಲ್ಲಿ ರಾಳದ ಎರಕವೂ ಸಾಲಿಗ್ರಾಮದ ಹೆಸರಲ್ಲಿ ಸಿಗುತ್ತದೆ. ಅದನ್ನು ಪತ್ತೆಹಚ್ಚಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಕಲ್ಲನ್ನು ತೂಗಿ. ಆಮೇಲೆ ನೀರಿನ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳ ತಾಕಬಾರದು, ತಾಕಿದರೆ ಲೆಕ್ಕವೇ ಕೆಟ್ಟಿತು. ಮೊದಲ ತೂಕವನ್ನು ಈಗ ತೋರಿಸುವ ಅಂಕಿಯಿಂದ ಭಾಗಿಸಿ: 270 ಗ್ರಾಂ ಕಲ್ಲಿಗೆ 100 ಬಂದರೆ ಸಾಂದ್ರತೆ 2.7, ಅದು ಕಲ್ಲೇ. ಬರೀ ರಾಳ 1.2ರ ಹತ್ತಿರ ನಿಲ್ಲುತ್ತದೆ. ಕರಿಕಲ್ಲಿನಲ್ಲಿ ಕೆತ್ತಿದ ನಕಲು ಮಾತ್ರ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಅದಕ್ಕೆ ಭೂತಗನ್ನಡಿ ಬೇಕು. ಗಂಡಕಿಯಲ್ಲಿ ಹೆಚ್ಚಾಗಿ ಸಿಗುವ ಬ್ಲಾನ್‌ಫೋರ್ಡಿಸೆರಾಸ್‌ನಂಥ ಅಮ್ಮೊನೈಟುಗಳಲ್ಲಿ ಒಳಗಿನಿಂದ ಹೊರಟ ಗೆರೆ ಹೊರ ಅಂಚಿಗೆ ಬರುವಷ್ಟರಲ್ಲಿ ಎರಡಾಗಿ ಕವಲೊಡೆಯುತ್ತದೆ. ಉಳಿ ಹಿಡಿದವರು ಸಾಮಾನ್ಯವಾಗಿ ಗಾಡಿ ಚಕ್ರದ ಅರೆಗಳಂತೆ ಒಂಟಿ ಗೆರೆ ಎಳೆದಿರುತ್ತಾರೆ. ನಿಂಬೆರಸ ಬಿಟ್ಟು ನೋಡುವ ಉಪಾಯ ಬೇಡ. ಸುಣ್ಣದಂಶ ಕರಗಿ ಹೊಳಪು ಹೋಗುತ್ತದೆ.

ಅಸಲಿ ಕಲ್ಲಿಗೆ ನಿಜವಾದ ಕಂಟಕ ಮಳೆಗಾಲ. ಗಾಳಿಯಿಲ್ಲದ ಕಡೆ ಹುಟ್ಟಿದ ಪೈರೈಟಿಗೆ ಗಾಳಿ, ತೇವ ಎರಡೂ ಸಿಕ್ಕರೆ ಕಬ್ಬಿಣದ ಸಲ್ಫೇಟ್ ಮತ್ತು ಗಂಧಕಾಮ್ಲ ಆಗುತ್ತದೆ. ಹೊಸ ಲವಣಕ್ಕೆ ಜಾಗ ಹೆಚ್ಚು ಬೇಕು, ಕಲ್ಲು ಒಳಗಿಂದಲೇ ಬಿರಿಯುತ್ತದೆ. ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ಈ ಕ್ರಿಯೆ ಚುರುಕು. ಕೊಪ್ಪ, ಮೂಡಿಗೆರೆ, ಸಕಲೇಶಪುರದ ಆಷಾಢದಲ್ಲಿ ಅದಕ್ಕಿಂತ ಕಮ್ಮಿ ಎಲ್ಲಿದೆ? ದಪ್ಪ ಹರಳಿನ ಪೈರೈಟ್ ತಡೆಯುತ್ತದೆ, ನುಣ್ಣನೆ ಪುಡಿಯಂತಿರುವುದು ಬೇಗ ಸೋಲುತ್ತದೆ. ಮಿಂಚೇ ಇಲ್ಲದ ಕಲ್ಲಿಗೆ ಈ ಭಯ ಅಷ್ಟಿಲ್ಲ.

ಅಭಿಷೇಕ ಬೇಡ ಎಂದಲ್ಲ. ಮೊಸರು, ಪಂಚಾಮೃತ ಹಾಕಿದ ಮೇಲೆ ಕೂಡಲೇ ನೀರಿನಲ್ಲಿ ತೊಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿ, ವದನದೊಳಗಿನ ನೀರು ಬಸಿಯುವಂತೆ ಬೋರಲು ಹಾಕಿ ಆರಲು ಬಿಡಬೇಕು. ಒದ್ದೆ ತುಳಸಿಯ ಜೊತೆ ಪೆಟ್ಟಿಗೆ ಮುಚ್ಚಿಡುವುದೇ ದೊಡ್ಡ ತಪ್ಪು. ಮೇಲೆ ಬಿಳಿ ಅಥವಾ ಹಳದಿ ಪುಡಿ ಕಂಡು ಗಂಧಕದ ವಾಸನೆ ಬಂದರೆ ಮತ್ತೆ ತೊಳೆಯಬೇಡಿ. ಒಣ ಬ್ರಷ್‌ನಿಂದ ಪುಡಿ ಉದುರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೇರೆಯಾಗಿ ಇಡಿ. ಪಕ್ಕದ ಸಾಲಿಗ್ರಾಮವನ್ನಾಗಲಿ ಕೆಳಗಿನ ತಾಮ್ರದ ತಟ್ಟೆಯನ್ನಾಗಲಿ ಆ ಆಮ್ಲ ಬಿಡುವುದಿಲ್ಲ.