ಕ್ಲೇಮ್ ಆಗಲ್ಲ ಅಂದರೆ ‘ಬರೆದು ಕೊಡಿ’ ಅನ್ನಿ

ವಾಹನ ವಿಮೆಯ ತಕರಾರು ಹಿಡಿದು ಬರುವವರನ್ನು ವಕೀಲನಾದ ನಾನು ಮೊದಲು ಕೇಳುವುದು, ‘ಕ್ಲೇಮ್ ತಿರಸ್ಕರಿಸಿದ ಪತ್ರ ಎಲ್ಲಿ?’ ಎಂದು. ಬಹಳ ಜನರ ಹತ್ತಿರ ಅದು ಇರುವುದೇ ಇಲ್ಲ. ‘ಶೋರೂಮಿನ ಹುಡುಗ ಹೇಳಿದ ಸಾರ್, ಇನ್ಶೂರೆನ್ಸ್ ಆಗಲ್ವಂತೆ’ ಅನ್ನುತ್ತಾರೆ. ಯಾವಾಗ ಹೇಳಿದ? ಏಳೆಂಟು ತಿಂಗಳ ಹಿಂದೆ. ಅಷ್ಟರಲ್ಲಿ ಒಡವೆ ಅಡವಿಟ್ಟು ಬಿಲ್ ಕಟ್ಟಿ, ಗಾಡಿ ಬಿಡಿಸಿಕೊಂಡು, ಒಡೆದ ಭಾಗಗಳು ಗುಜರಿ ಸೇರಿಯೂ ಆಗಿರುತ್ತದೆ.

ಇದೇ ಜನ ಮಂಡಿಗೆ ಒಂದು ಚೀಲ ಅಡಿಕೆ ಹಾಕಿದರೂ ತೂಕದ ಚೀಟಿ ಇಲ್ಲದೆ ಮನೆಗೆ ಹೋಗುವುದಿಲ್ಲ. ಲಕ್ಷಗಟ್ಟಲೆ ರೂಪಾಯಿಯ ಕ್ಲೇಮನ್ನು ಮಾತ್ರ ಯಾರದೋ ಬಾಯಿಮಾತು ನಂಬಿ ಕೈಬಿಡುತ್ತಾರೆ. ನನಗೆ ಸಂಕಟವೂ ಸಿಟ್ಟೂ ಬರುವುದು ಇಲ್ಲಿಯೇ.

ಶೋರೂಮಿನ ಆ ಹುಡುಗ, ಅಂದರೆ ಸರ್ವೀಸ್ ಅಡ್ವೈಸರ್, ವಿಮಾ ಕಂಪನಿಯವನಲ್ಲ. ಕ್ಯಾಶ್‌ಲೆಸ್ ಸೌಲಭ್ಯಕ್ಕಾಗಿ, ಅಂದರೆ ರಿಪೇರಿ ಬಿಲ್ಲನ್ನು ಕಂಪನಿಯೇ ನೇರ ಕಟ್ಟುವುದಕ್ಕಾಗಿ, ಗ್ಯಾರೇಜಿಗೂ ಕಂಪನಿಗೂ ಒಪ್ಪಂದ ಇರುತ್ತದೆ, ಅಷ್ಟೆ. ಸರ್ವೇಯರ್ ಕೂಡ ನಷ್ಟ ಎಷ್ಟೆಂದು ನೋಡಿ ವರದಿ ಕೊಡುವವರು, ಹಣ ಕೊಡುವ ಬಿಡುವ ತೀರ್ಮಾನ ಅವರದಲ್ಲ. ಆ ತೀರ್ಮಾನ ಕಂಪನಿಯದು, ಅದನ್ನು ಅದು ಕಾರಣ ಸಹಿತ ನಿಮಗೆ ತಿಳಿಸಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ, ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿ ಒಪ್ಪದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದರೆ, ಒಂದು ಭಾಗವನ್ನು ಕಡಿತ ಮಾಡಿದರೂ ಸರಿ, ಪಾಲಿಸಿಯ ಯಾವ ಷರತ್ತಿನಡಿ ಎಂದು ಹೇಳಲೇಬೇಕು. ಅಲ್ಲಿಯವರೆಗೆ ನಿಮ್ಮ ಕ್ಲೇಮ್ ಬಾಕಿ ಇದೆ ಎಂದೇ ಲೆಕ್ಕ.

ಒಂದು ಪತ್ರಕ್ಕಾಗಿ ಇಷ್ಟು ಹಟ ಯಾಕೆ ಎಂದು ಕೇಳುತ್ತಾರೆ. ಬಾಯಲ್ಲಿ ಹೇಳುವ ಕಾರಣ ದಿನಕ್ಕೊಂದು ಆಗಬಹುದು. ಇವತ್ತು ಲೈಸೆನ್ಸ್ ಸರಿಯಿಲ್ಲ ಅಂದವರು ನಾಳೆ ತಡವಾಗಿ ತಿಳಿಸಿದಿರಿ ಅಂದಾರು, ಆಮೇಲೆ ಸ್ವಂತ ಗಾಡಿಯನ್ನು ಬಾಡಿಗೆಗೆ ಬಿಟ್ಟಿದ್ದಿರಿ ಅಂದಾರು. ಪತ್ರ ಬಂದ ಮೇಲೆ ಹಾಗೆ ಜಾರಲು ಬರುವುದಿಲ್ಲ. ತಿರಸ್ಕಾರದ ಪತ್ರದಲ್ಲಿ ಹೇಳದ ಕಾರಣವನ್ನು ಆಮೇಲೆ ಗ್ರಾಹಕ ಆಯೋಗದ ಮುಂದೆ ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ, ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಹೇಳಿದೆ. ಅಂದರೆ ಪತ್ರದಲ್ಲಿರುವ ಕಾರಣವೊಂದಕ್ಕೇ ನಾವು ಉತ್ತರ ಕೊಟ್ಟರೆ ಸಾಕು. ಪತ್ರವೇ ಇಲ್ಲದಿದ್ದರೆ ನಾನು ಯಾವ ಕಾರಣಕ್ಕೆ ಉತ್ತರ ಬರೆಯಲಿ?

ತೀರ್ಥಹಳ್ಳಿ ಕಡೆಯ ಟ್ಯಾಕ್ಸಿ ಮಾಲೀಕರೊಬ್ಬರು ಬಂದಿದ್ದರು. ಆಗುಂಬೆ ಘಾಟಿಯ ತಿರುವಿನಲ್ಲಿ ಗಾಡಿ ಮೋರಿಗೆ ಬಡಿದಿತ್ತು. ಡ್ರೈವರ್ ಹತ್ತಿರ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇತ್ತು, ‘ಟ್ರಾನ್ಸ್‌ಪೋರ್ಟ್ ನಮೂದಾಗಿಲ್ಲ, ಕ್ಲೇಮ್ ಬರಲ್ಲ’ ಎಂದು ಕಂಪನಿಯ ಕಡೆಯಿಂದ ಫೋನ್ ಬಂದಿತ್ತು. ಇವರು ‘ನಮ್ಮದೇ ತಪ್ಪು’ ಎಂದು ಡ್ರೈವರನಿಗೆ ಬೈದು ಸುಮ್ಮನಾಗಿದ್ದರು. ಪಾಪ, ಆ ಹುಡುಗ ಸಂಬಳದಲ್ಲಿ ಮುರಿದುಕೊಳ್ಳಿ ಅಂದಿದ್ದನಂತೆ. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಎಲ್‌ಎಂವಿ ಲೈಸೆನ್ಸ್ ಇದ್ದವರು ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ 2024ರ ನವೆಂಬರ್ 6ರಂದು ಹೇಳಿಯಾಗಿದೆ. ‘ಫೋನಿನಲ್ಲಿ ತಿಳಿಸಿದ ಕಾರಣವನ್ನು ದಯವಿಟ್ಟು ಬರಹದಲ್ಲಿ ಕೊಡಿ’ ಎಂದು ಒಂದು ಇಮೇಲ್ ಹಾಕಿಸಿದೆ, ಆಮೇಲೆ ಒಂದು ಜ್ಞಾಪನೆ. ತಿರಸ್ಕಾರದ ಪತ್ರ ಬರಲಿಲ್ಲ, ಹಣ ಬಂತು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ, ಆದರೆ ಕೇಳದವರಿಗೆ ಇದೂ ಇಲ್ಲ.

ಇಮೇಲ್ ಉದ್ದ ಬೇಡ, ಬೈಗುಳವಂತೂ ಬೇಡ. ಕ್ಲೇಮ್ ನಂಬರು, ಗಾಡಿ ನಂಬರು, ಯಾರು ಯಾವ ದಿನ ಫೋನಿನಲ್ಲಿ ಏನಂದರು ಎಂಬುದು, ತಿರಸ್ಕರಿಸಿದ್ದರೆ ಷರತ್ತಿನ ಸಂಖ್ಯೆ ಸಹಿತ ತಿಳಿಸಿ ಎಂಬ ಕೋರಿಕೆ, ಸರ್ವೇ ವರದಿಯ ಪ್ರತಿ ಕೊಡಿ ಎಂಬ ಮಾತು. ಇಷ್ಟು ಸಾಕು. ಏಜೆಂಟರ ವಾಟ್ಸಾಪಿಗೆ ಕಳಿಸಿ ಕೈತೊಳೆದುಕೊಳ್ಳಬೇಡಿ, ಕಂಪನಿಯ ದೂರು ಪರಿಹಾರ ಅಧಿಕಾರಿಗೇ ಹೋಗಲಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಇಲ್ಲವೇ ಉತ್ತರ ಸಮಾಧಾನ ತರದಿದ್ದರೆ, ವಿಮಾ ದೂರುಗಳನ್ನು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ನನ್ನಂಥ ವಕೀಲರಿಗೆ ಅಲ್ಲಿ ವಾದಿಸಲು ಅವಕಾಶವೂ ಇಲ್ಲ, ನೀವೇ ಹೇಳಿಕೊಳ್ಳಬೇಕು. ಅದು ಬೇಡವಾದರೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗ ಇದೆ. ಅಲ್ಲಿಗೆ 2 ವರ್ಷದ ಗಡುವು. ಗಡುವು ಯಾವ ದಿನದಿಂದ ಶುರು ಎಂಬ ಜಗಳವೂ, ಪತ್ರ ಕೈಯಲ್ಲಿದ್ದರೆ, ಬಹುಮಟ್ಟಿಗೆ ತೀರಿದ ಹಾಗೆ.

ಇದೆಲ್ಲ ನಿಜ ಹೇಳಿದವರಿಗೆ. ಕುಡಿದು ಓಡಿಸಿದ್ದರೆ ನನ್ನ ಹತ್ತಿರ ಮದ್ದಿಲ್ಲ. ಲೈಸೆನ್ಸ್ ಇಲ್ಲದ ಮಗ ಓಡಿಸಿದ್ದಕ್ಕೆ ಕ್ಲೇಮ್ ಫಾರಂನಲ್ಲಿ ಅಪ್ಪನ ಹೆಸರು ಬರೆಸುವ ರೂಢಿಯೊಂದಿದೆ. ದಯಮಾಡಿ ಬೇಡ. ಆಸ್ಪತ್ರೆಯ ದಾಖಲೆಯಲ್ಲಿ ಮಗನ ಕೈಮೂಳೆ ಮುರಿದದ್ದು ಇರುತ್ತದೆ, ತನಿಖೆಯವರು ಅದನ್ನು ತೆಗೆಯುತ್ತಾರೆ.

ಇನ್ನು ಗ್ಯಾರೇಜಿನವರು ‘ದಿನಕ್ಕಿಷ್ಟು ಪಾರ್ಕಿಂಗ್ ಬಾಡಿಗೆ’ ಎಂದು ಹೆದರಿಸುವುದು. ಗಾಡಿ ನಿಮಗೆ ಬೇಕೇ ಬೇಕಾಗಿದ್ದರೆ ದುಡ್ಡು ಕಟ್ಟಿ ಬಿಡಿಸಿಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಆದರೆ ರಿಪೇರಿಗೆ ಕೈಹಾಕುವ ಮೊದಲು ಸರ್ವೇ ಮುಗಿದಿರಬೇಕು, ‘ಕ್ಲೇಮ್ ಬಿಟ್ಟುಕೊಟ್ಟಿಲ್ಲ, ಅನಿವಾರ್ಯವಾಗಿ ನಾನೇ ಬಿಲ್ ಕಟ್ಟುತ್ತಿದ್ದೇನೆ’ ಎಂದು ಕಂಪನಿಗೆ ಬರೆದಿರಬೇಕು. ಮೂಲ ಬಿಲ್ಲು, ಹಣ ಕಟ್ಟಿದ ರಸೀದಿ, ಫೋಟೊಗಳನ್ನು ಜೋಪಾನ ಮಾಡಿ. ಬದಲಾಯಿಸಿದ ಹಳೆಯ ಭಾಗಗಳನ್ನು ಕಂಪನಿಯವರು ನೋಡಬೇಕೆಂದರೆ ತೋರಿಸಲು ಬೇಕಾಗುತ್ತದೆ, ತಕರಾರು ಮುಗಿಯುವ ತನಕ ಗ್ಯಾರೇಜಿನಲ್ಲೋ ನಿಮ್ಮ ಕೊಟ್ಟಿಗೆಯ ಮೂಲೆಯಲ್ಲೋ ಇಟ್ಟಿರಿ.